ಹಾರ್ಪ್‌ಗೆ 25 ಸೆಂ.ಮೀ. ಎತ್ತರ

ಚಿಕ್ಕ ಹಾರ್ಪ್‌ನ ಪಾಡು ಯಾರಿಗೂ ಬೇಡ. ಕುರ್ಚಿ ಮೇಲೆ ಕೂತು ನೆಲಕ್ಕೆ ಇಟ್ಟರೆ ಗಿಡ್ಡ, ತೊಡೆ ಮೇಲೆ ಇಟ್ಟರೆ ಜಾರುತ್ತದೆ. ನನ್ನ ಅಕ್ಕನ ಮಗಳು ನುಡಿಸುವುದು 26 ತಂತಿಯ ಲಿವರ್ ಹಾರ್ಪ್. 96 ಸೆಂ.ಮೀ. ಎತ್ತರ, ಐದೂವರೆ ಕಿಲೋ ತೂಕ. ಬೆಂಗಳೂರು ಬಿಟ್ಟು ಹೊರಟವರೊಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಜೊತೆಗೆ ಚೀಲ ಬಂತು, ಶ್ರುತಿ ಮಾಡುವ ಕೀ ಬಂತು, ಸ್ಟ್ಯಾಂಡ್ ಮಾತ್ರ ಬರಲಿಲ್ಲ. ನಮ್ಮ ಮನೆತನದಲ್ಲಿ ಗರಗಸ, ಡ್ರಿಲ್ಲು ಇಟ್ಟುಕೊಂಡವನು ನಾನೊಬ್ಬನೇ. ಹಾಗಾಗಿ ಕೆಲಸ ನನ್ನ ತಲೆಗೆ ಬಂತು.

ಹಾರ್ಪ್ ಹಿಡಿಯುವುದನ್ನು ಹತ್ತಿರದಿಂದ ನೋಡದವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಮುಂದೆ ಕಂಬ, ಮೇಲೆ ಬಾಗಿದ ಕತ್ತು, ನುಡಿಸುವವರ ಕಡೆಗೆ ಓರೆಯಾಗಿ ಏರುವ ನಾದದ ಪೆಟ್ಟಿಗೆ. ಮೂರೂ ಸೇರಿ ಒಂದು ತ್ರಿಕೋನ. ಪೆಟ್ಟಿಗೆಯ ಮೇಲ್ತುದಿ ಬಲ ಭುಜಕ್ಕೆ ಒರಗಬೇಕು. ಬಲಗೈ ತಂತಿಗಳ ಒಂದು ಬದಿ, ಎಡಗೈ ಇನ್ನೊಂದು ಬದಿ. ಕಿರುಬೆರಳಿಗೆ ಕೆಲಸವಿಲ್ಲ. ನುಡಿಸುವಾಗ ಹಾರ್ಪ್ ನೆಟ್ಟಗೆ ನಿಂತಿರುವುದಿಲ್ಲ. ಅದನ್ನು ಹಿಂದಕ್ಕೆ ವಾಲಿಸಿ, ತನ್ನ ಭಾರವನ್ನು ತಾನೇ ಹೊತ್ತುಕೊಳ್ಳುವ ಜಾಗದಲ್ಲಿ ನಿಲ್ಲಿಸಬೇಕು. ಸರಿಯಾಗಿ ವಾಲಿಸಿದರೆ ಭುಜದ ಮೇಲೆ ಬೀಳುವ ಭಾರ ಏನೇನೂ ಅಲ್ಲ. ಕಡಿಮೆ ವಾಲಿಸಿದರೆ ಹಾರ್ಪ್ ಮುಂದಕ್ಕೆ ಎಳೆಯುತ್ತದೆ, ಎರಡು ಕೈಯೂ ಅದನ್ನು ಹಿಡಿದುಕೊಳ್ಳುವುದರಲ್ಲೇ ಕಳೆಯುತ್ತವೆ.

ಅಂದರೆ ಸ್ಟ್ಯಾಂಡ್ ಬರೀ ಎತ್ತಿ ಕೊಟ್ಟರೆ ಸಾಲದು. ಎತ್ತಿದ ಮೇಲೂ ಹಾರ್ಪ್ ಹಿಂದೆ ಮುಂದೆ ವಾಲಬೇಕು, ಆದರೆ ಅದರ ಬುಡ ಕದಲಬಾರದು. ಎತ್ತರದ ಲೆಕ್ಕ ಸುಲಭ. ತಲೆ ಕೆಡಿಸಿದ್ದು ಈ ವಾಲಿಕೆ.

ಆರ್ಕೆಸ್ಟ್ರಾಗಳಲ್ಲಿ ಕಾಣುವ ದೊಡ್ಡ ಪೆಡಲ್ ಹಾರ್ಪ್‌ಗೆ ಈ ತೊಂದರೆ ಇಲ್ಲ. 47 ತಂತಿ, 7 ಪೆಡಲ್, ಆಳೆತ್ತರ, ಮೂವತ್ತೈದು ನಲವತ್ತು ಕಿಲೋ ತೂಕ. ನೆಲದ ಮೇಲೇ ನಿಲ್ಲುತ್ತದೆ, ಕೂತವರ ಭುಜಕ್ಕೆ ತಾನಾಗಿ ಬರುತ್ತದೆ. ಪೆಡಲ್ ಇಲ್ಲದ ಸಣ್ಣ ಲಿವರ್ ಹಾರ್ಪ್‌ನಲ್ಲಿ ಪ್ರತಿ ತಂತಿಯ ಮೇಲ್ತುದಿಗೆ ಒಂದೊಂದು ಲಿವರ್ ಇರುತ್ತದೆ. ಎತ್ತಿದರೆ ಸ್ವರ ಅರ್ಧ ಮೆಟ್ಟಿಲು ಏರುತ್ತದೆ. ಈ ಲಿವರ್‌ಗಳಿಂದಲೂ ಸ್ಟ್ಯಾಂಡಿಗೆ ಒಂದು ತಂಟೆ ಇದೆ, ಆಮೇಲೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಎಲ್ಲರಿಗೂ ಮೊದಲು ಹೊಳೆದದ್ದು ಒಂದೇ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರಾಯಿತು, ವೀಣೆಯವರು ಕೂರಲ್ವಾ? ಅಕ್ಕನ ಅತ್ತೆ ಚಾಪೆಯನ್ನೂ ಹಾಸಿಬಿಟ್ಟರು. ಆದರೆ ಅಳತೆ ಒಪ್ಪಲಿಲ್ಲ. ಹಾರ್ಪ್ ವಾಲಿಸಿದಾಗ ಭುಜಕ್ಕೆ ತಾಗಬೇಕಾದ ಜಾಗ ಬುಡದಿಂದ 75 ಸೆಂ.ಮೀ. ಮೇಲಿದೆ. ನೆಲದ ಮೇಲೆ ಕೂತ ಹುಡುಗಿಯ ಭುಜ 57ಕ್ಕೆ ಬರುತ್ತದೆ. ಪೆಟ್ಟಿಗೆ ಹೋಗಿ ಕಿವಿಗೆ ತಾಗುತ್ತದೆ. ಮಡಿಸಿದ ಕಾಲುಗಳೋ, ಹಾರ್ಪ್‌ನ ಬುಡ ಎಲ್ಲಿ ಇರಬೇಕೋ ಅಲ್ಲೇ ಇರುತ್ತವೆ. ಗುಪ್ತರ ಕಾಲದ ಚಿನ್ನದ ನಾಣ್ಯದಲ್ಲಿ ಸಮುದ್ರಗುಪ್ತ ಆಸನದ ಮೇಲೆ ಕೂತು ತೊಡೆ ಮೇಲೆ ವೀಣೆ ಇಟ್ಟುಕೊಂಡಿದ್ದಾನೆ. ಆ ವೀಣೆ ಇಂದಿನ ಸರಸ್ವತಿ ವೀಣೆಯಲ್ಲ, ಬಾಗಿದ ಕೋಲಿನ ಹಾರ್ಪ್ ಜಾತಿಯದು. ಅದಕ್ಕೆ ಮುಂದಿನ ಕಂಬವಿಲ್ಲ. ಹಾಗಾಗಿ ತೊಡೆ ಮೇಲೆ ಸಲೀಸಾಗಿ ಕೂರುತ್ತದೆ. ಯೂರೋಪಿನ ಹಾರ್ಪ್‌ಗೆ ಕಂಬ ಬಂದಮೇಲೆ ತಂತಿಯ ಎಳೆತ ಜಾಸ್ತಿ ತಡೆಯಿತು, ಜೊತೆಗೆ ತೂಕವೂ ಸೇರಿಕೊಂಡಿತು.

ಆದ್ದರಿಂದ ಕುರ್ಚಿಯೇ ಗತಿ. ಅವಳು ಅಭ್ಯಾಸಕ್ಕೆ ಕೂರುವ ಕುರ್ಚಿ 43 ಸೆಂ.ಮೀ. ಅದರ ಮೇಲೆ ಬೆನ್ನು ನೇರ ಮಾಡಿ ಕೂತರೆ ಭುಜ ನೆಲದಿಂದ 100 ಸೆಂ.ಮೀ. ನೂರರಲ್ಲಿ 75 ಕಳೆದರೆ 25. ಈ ಲೆಕ್ಕವನ್ನು ನಂಬುವ ಮುಂಚೆ ಹಳೇ ವಾರಪತ್ರಿಕೆಗಳ ಕಟ್ಟುಗಳನ್ನು ಪೇರಿಸಿ, ಮೇಲೊಂದು ಮಣೆ ಇಟ್ಟು ನೋಡಿದೆವು. ನಾನು ಹಾರ್ಪ್‌ನ ಕಂಬ ಹಿಡಿದು ಕೂತೆ, ಅವಳು ನುಡಿಸಿದಳು, ಅಕ್ಕ ಒಂದೊಂದೇ ಪತ್ರಿಕೆ ತೆಗೆದಳು, ಹಾಕಿದಳು. ಎತ್ತರ ಸರಿ ಇದೆಯೋ ಇಲ್ಲವೋ ಅನ್ನುವುದು ಮೊಣಕೈ ನೋಡಿದರೆ ಗೊತ್ತಾಗುತ್ತದೆ. ನಡುವಿನ ತಂತಿಗಳ ಮೇಲೆ ಕೈ ಇಟ್ಟಾಗ ಭುಜ ಕಿವಿಯ ಕಡೆಗೆ ಏರಿದರೆ ಹಾರ್ಪ್ ಜಾಸ್ತಿ ಎತ್ತರ. ಬೆನ್ನು ಬಾಗಿದರೆ ಕಡಿಮೆ. 24ರಿಂದ 26ರ ನಡುವೆ ಅವಳು ಆರಾಮಾಗಿದ್ದಳು. ವಯಸ್ಸು ಹದಿನಾಲ್ಕು, ಇನ್ನೂ ಬೆಳೆಯುತ್ತಾಳೆ. ಎತ್ತರ ಬದಲಿಸುವಂತಿರಬೇಕು ಅನ್ನುವುದು ಅಲ್ಲೇ ತೀರ್ಮಾನವಾಯಿತು.

ರೆಡಿಮೇಡ್ ಸಿಗಲ್ವಾ ಅಂತ ಎಲ್ಲರೂ ಕೇಳಿದರು. ಸಿಗುತ್ತದೆ, ಹೊರದೇಶದಲ್ಲಿ. ಸಾಗಣೆ, ಸುಂಕ ಎಲ್ಲ ಸೇರಿಸಿದರೆ ಒಂದು ಮರದ ಸ್ಟೂಲಿಗೆ ಕೊಡುವ ದುಡ್ಡಲ್ಲ ಅದು. ಅದೂ ಅಲ್ಲದೆ ಅಂಥವು ಆಯಾ ಹಾರ್ಪ್‌ನ ಬುಡಕ್ಕೆ ತಕ್ಕ ಹಾಗೆ ಇರುತ್ತವೆ. ಕೆಲವು ಕಂಪನಿಗಳು ಹಾರ್ಪ್‌ನ ತಳದಲ್ಲೇ ಲೋಹದ ನಟ್ ಕೂರಿಸಿ ತಿರುಗಿಸಿ ಹಾಕುವ ಕಾಲು ಕೊಡುತ್ತವೆ. ನಮ್ಮ ಹಾರ್ಪ್‌ಗೆ ಆ ನಟ್ ಇಲ್ಲ. ಕೊರೆದು ಹಾಕಬಹುದಿತ್ತು, ಆದರೆ ನನಗೆ ಕೈ ಬರಲಿಲ್ಲ. 26 ತಂತಿಗಳ ಒಟ್ಟು ಎಳೆತವನ್ನು ಕ್ವಿಂಟಲ್‌ನಲ್ಲಿ ಲೆಕ್ಕ ಹಾಕಬೇಕು. ಅದನ್ನು ಹಗಲೂ ರಾತ್ರಿ ತಡೆದುಕೊಂಡು ನಿಂತ ಮರಕ್ಕೆ, ಒಳಗಿನ ಕಟ್ಟು ಗೊತ್ತಿಲ್ಲದೆ ಡ್ರಿಲ್ ಇಡುವುದು ಒಳ್ಳೆಯದಲ್ಲ. ಹಾರ್ಪ್‌ಗೆ ಒಂದು ಸ್ಕ್ರೂ ಕೂಡ ಹಾಕಬಾರದು ಅನ್ನುವುದು ನನ್ನ ಮೊದಲ ನಿಯಮ.

ಗ್ರಿಲ್ ಅಂಗಡಿಯ ದಾರಿಯೂ ಇತ್ತು. ಬೆಂಗಳೂರಿನ ಯಾವ ಬಡಾವಣೆಯಲ್ಲೂ ಕಬ್ಬಿಣದ ಚೌಕ ಪೈಪ್ ಕತ್ತರಿಸಿ ವೆಲ್ಡ್ ಮಾಡಿಕೊಡುವವರಿಗೆ ಬರವಿಲ್ಲ. ಗಟ್ಟಿ, ಅಗ್ಗ, ಸಂಜೆಯೊಳಗೆ ಕೈಗೆ. ಆದರೆ ಟೊಳ್ಳು ಕಬ್ಬಿಣದ ಪೈಪು ತಾನೂ ಸ್ವರ ಹಿಡಿಯುತ್ತದೆ. ಬೆರಳಲ್ಲಿ ತಟ್ಟಿ ನೋಡಿ, ಗೊತ್ತಾಗುತ್ತದೆ. ಸಂಗೀತದ ವಾದ್ಯದ ಕೆಳಗೆ ಇನ್ನೊಂದು ವಾದ್ಯ ಯಾಕೆ? ಮರಕ್ಕೇ ಬಂದೆ.

ಗರಗಸ ಮುಟ್ಟುವ ಮುಂಚೆ ಹಾರ್ಪ್‌ನ ತೂಕ ಎಲ್ಲಿ ಬೀಳುತ್ತದೆ ಅಂತ ಕಂಡುಕೊಳ್ಳಬೇಕಿತ್ತು. ದಪ್ಪ ಕಂಬಳಿ ಹಾಸಿ, ಅದರ ಮೇಲೆ ಹಾರ್ಪ್ ನಿಲ್ಲಿಸಿ, ಬುಡದ ಹಿಂದಿನ ಅಂಚಿನ ಮೇಲೆ ಮೆಲ್ಲಗೆ ವಾಲಿಸುತ್ತ ಬಂದೆ. ಒಂದು ಹಂತದಲ್ಲಿ ಅದು ಮುಂದಕ್ಕೂ ಬೀಳುವುದಿಲ್ಲ, ಹಿಂದಕ್ಕೂ ಬೀಳುವುದಿಲ್ಲ. ಎರಡು ಬೆರಳಲ್ಲಿ ಹಿಡಿದರೆ ಸಾಕು. ಮೊಬೈಲನ್ನು ಕಂಬದ ಪಕ್ಕ ಹಿಡಿದು ಕೋನ ನೋಡಿದರೆ 18 ಡಿಗ್ರಿ ತೋರಿಸಿತು. ಈ ಹಂತದಲ್ಲಿ ಇಡೀ ಹಾರ್ಪ್‌ನ ತೂಕ ಹಿಂದಿನ ಅಂಚಿನ ನೇರ ಮೇಲಿರುತ್ತದೆ. ನುಡಿಸುವಾಗ ಇದಕ್ಕಿಂತ ಒಂದು ಚೂರು ಹಿಂದೆ ಬರುತ್ತದೆ, ಆ ಚೂರು ಭಾರವೇ ಭುಜಕ್ಕೆ ಸೇರುವುದು.

ಈಗ ಕೆಳಗೆ ಸ್ಟ್ಯಾಂಡ್ ಇಟ್ಟು ಯೋಚಿಸಿ. ಸ್ಟ್ಯಾಂಡಿನ ಹಿಂದಿನ ಕಾಲುಗಳು ಹಾರ್ಪ್‌ನ ಹಿಂದಿನ ಅಂಚಿಗೆ ಸಮವಾಗಿ ನಿಂತರೆ, ವಾಲಿಸಿದಾಗ ಎಲ್ಲ ತೂಕವೂ ಆ ಎರಡು ಕಾಲಿನ ಗೆರೆಯ ಮೇಲೇ ಬರುತ್ತದೆ. ಹುಡುಗಿ ಸ್ವಲ್ಪ ಹಿಂದೆ ಒರಗಿದರೂ ಸಾಕು, ಹಾರ್ಪ್ ಬದಲು ಸ್ಟ್ಯಾಂಡೇ ಏಳುತ್ತದೆ. ಸುಮ್ನೆ ಒಂದು ಮಣೆಯನ್ನೋ ಪುಟ್ಟ ಸ್ಟೂಲನ್ನೋ ಇಟ್ಟರೆ ಆಗುವುದು ಇದೇ. ಹಿಂದಿನ ಕಾಲುಗಳು ನುಡಿಸುವವಳ ಕಡೆಗೆ ಚಾಚಿರಲೇಬೇಕು.

ಹಾಗಂತ ಅಗಲ ಮಾಡುವ ಹಾಗಿಲ್ಲ. ಆ ಕಡೆ ಅವಳ ಕಾಲುಗಳಿವೆ. ಹಾರ್ಪ್ ನುಡಿಸುವವರ ಎರಡು ಮೊಣಕಾಲೂ ಪೆಟ್ಟಿಗೆಯ ಆಚೆ ಈಚೆ ಇರುತ್ತವೆ. ಪಾದಗಳೂ ಅಷ್ಟೇ. ಹಿಂದೆ ಅಗಲವಾದರೆ ಕಾಲು ಇಡಲು ಜಾಗವಿಲ್ಲ, ಕಡಿಮೆಯಾದರೆ ಪಕ್ಕಕ್ಕೆ ಉರುಳುವ ಭಯ. ಮೂರು ಕಾಲು ಮಾಡೋಣ, ಮುಂದೆ ಎರಡು ಹಿಂದೆ ಒಂದು, ನೆಲ ಏರುಪೇರಾದರೂ ಅಲುಗಾಡುವುದಿಲ್ಲ ಅಂತಲೂ ಲೆಕ್ಕ ಹಾಕಿದೆ. ಆದರೆ ತೂಕವೆಲ್ಲ ಹಿಂದಕ್ಕೆ ಬರುವ ವಸ್ತುವಿಗೆ ಹಿಂದೆ ಒಂದೇ ಕಾಲು ಅಂದರೆ ನುಡಿಸುವಾಗಲೇ ಪಕ್ಕಕ್ಕೆ ತೂಗಾಡುತ್ತದೆ. ಕೊನೆಗೆ ಉಳಿದದ್ದು ಈ ಆಕಾರ: ಹಿಂದೆ ಕಿರಿದು ಆದರೆ ಉದ್ದ, ಮುಂದೆ ಗಿಡ್ಡ ಆದರೆ ಅಗಲ. ಪಕ್ಕಕ್ಕೆ ಉರುಳದಂತೆ ಮುಂದಿನ ಅಗಲ ನೋಡಿಕೊಳ್ಳುತ್ತದೆ, ಹಿಂದಕ್ಕೆ ಉರುಳದಂತೆ ಹಿಂದಿನ ಉದ್ದ.

ರಟ್ಟಿನಲ್ಲಿ ಕತ್ತರಿಸಿ ನೆಲದ ಮೇಲೆ ಹರಡಿದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪಾದ ಎಲ್ಲಿ ಬರುತ್ತದೆ ಅಂತ ಸುತ್ತ ಪೆನ್ಸಿಲ್ ಗೆರೆ ಎಳೆದೆ. ಅಳತೆಗಳು ಆ ಗೆರೆಗಳಿಂದಲೇ ಹುಟ್ಟಿದವು. ಹಿಂದಿನ ಅಗಲ 24 ಸೆಂ.ಮೀ., ಮುಂದಿನ ಅಗಲ 46, ಒಟ್ಟು ಉದ್ದ 40. ಹಾರ್ಪ್ ಕೂರುವ ತಟ್ಟೆ 30 ಅಗಲ, 23 ಉದ್ದ. ತಟ್ಟೆಯ ಹಿಂದಿನ ಅಂಚಿನಿಂದ ಹಿಂದಿನ ಕಾಲು 9 ಸೆಂ.ಮೀ. ಆಚೆ ಚಾಚುತ್ತದೆ, ಮುಂದೆ 8.

ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋದೆ. ಅಲ್ಲಿ ನನ್ನಂಥ ಗಿರಾಕಿ ಅಂದರೆ ಯಾರಿಗೂ ಪ್ರೀತಿಯಿಲ್ಲ. ಲಾರಿಗಟ್ಟಲೆ ಮರ ಇಳಿಸುವ ಕಡೆ ಎರಡಡಿ ಪಟ್ಟಿ ಕೇಳಿದರೆ ಏನಾದೀತು? ಆದರೂ ಒಂದು ಮಿಲ್ಲಿನವರು ಮೂಲೆಯಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ತುಂಡು ತೋರಿಸಿ, ಇದರಲ್ಲಿ ಬೇಕಾದ್ದು ಆರಿಸಿಕೋ ಅಂದರು. ಕೊಡಗು, ಚಿಕ್ಕಮಗಳೂರು ಕಡೆ ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ ನೆಡುವ ಮರ ಇದು. ತೇಗದಷ್ಟು ಬಾಳಿಕೆ ಇಲ್ಲ, ಹುಳಕ್ಕೆ ಬೇಗ ಸೋಲುತ್ತದೆ, ಹೊರಗೆ ಇಡಲು ಲಾಯಕ್ಕಲ್ಲ. ಮನೆಯೊಳಗಿನ ಕೆಲಸಕ್ಕೆ ಧಾರಾಳ ಸಾಕು. ಉಜ್ಜುಗೊರಡು ಹೊಡೆದಾಗ ಎದ್ದು ಬರುವ ಚುಕ್ಕೆ ಚುಕ್ಕೆ ಹೊಳಪು ನನಗಂತೂ ತೇಗಕ್ಕಿಂತ ಇಷ್ಟ. ಅದರಲ್ಲಿ 6 ಸೆಂ.ಮೀ. ಅಗಲ, 3 ದಪ್ಪದ ಪಟ್ಟಿ ಸೀಳಿಸಿಕೊಂಡೆ.

ಉಳಿದದ್ದೆಲ್ಲ 18 ಮಿ.ಮೀ. ಪ್ಲೈವುಡ್. ಐಎಸ್ 710 ಅಂತ ಅಚ್ಚು ಹಾಕಿರುವ, ನೀರಿಗೆ ಬಗ್ಗದ ದರ್ಜೆಯದು. ಒಣ ಕೋಣೆಯಲ್ಲಿ ಇಡುವ ಸ್ಟ್ಯಾಂಡಿಗೆ ಇಷ್ಟು ಒಳ್ಳೆಯದು ಬೇಕಿಲ್ಲ, ನಿಜ. ಆದರೆ ಅಗ್ಗದ ಪ್ಲೈನಲ್ಲಿ ಒಳಗಿನ ಪದರಗಳ ನಡುವೆ ಟೊಳ್ಳು ಇರುತ್ತದೆ. ಸ್ಕ್ರೂ ಹೋಗಿ ಆ ಟೊಳ್ಳಿಗೆ ಬಿದ್ದರೆ ಹಿಡಿತವಿಲ್ಲ, ಪದರ ಬಿಟ್ಟುಕೊಂಡರೆ ತಂತಿ ಮೀಟಿದಾಗ ಗರಗರ ಅನ್ನುತ್ತದೆ. ಪೂರ್ತಿ ಎಂಟಡಿ ನಾಲ್ಕಡಿ ಶೀಟ್ ತರುವ ಅಗತ್ಯವಿಲ್ಲ. ಕಿಚನ್ ಕಪಾಟು ಮಾಡುವವರ ಹತ್ತಿರ ಕಟ್ ಪೀಸ್ ಬಿದ್ದಿರುತ್ತವೆ, ಕೇಳಿದರೆ ಚಿಲ್ಲರೆ ಕಾಸಿಗೆ ಕೊಡುತ್ತಾರೆ. ತರುವ ಮುಂಚೆ ಅಂಚನ್ನು ನೋಡಿ. ಪದರಗಳ ಮಧ್ಯೆ ಕಪ್ಪು ಬಿಲ ಕಂಡರೆ ಬಿಟ್ಟುಬಿಡಿ.

ಬೋಲ್ಟು, ವಾಷರು, ಮರದೊಳಗೆ ಕೂರಿಸುವ ಇನ್ಸರ್ಟ್ ನಟ್ಟು ಎಸ್.ಪಿ. ರೋಡಿನಲ್ಲಿ ಸಿಕ್ಕವು. ಕಾಲಿಗೆ ಹಾಕುವ ರಬ್ಬರ್ ಗುಂಡಿ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಯಿಂದ. ಗಾಡಿಗೆ ಹಾಕುವ ರಬ್ಬರ್ ಬುಷ್ಷು ಗಟ್ಟಿಯಾಗಿರುತ್ತದೆ, ಬೇಗ ಚಪ್ಪಟೆಯಾಗುವುದಿಲ್ಲ, ನಯವಾದ ವಿಟ್ರಿಫೈಡ್ ಟೈಲ್ಸ್ ಮೇಲೂ ಜಾರುವುದಿಲ್ಲ. ಎಲ್ಲ ಸೇರಿ ಸಾವಿರದ ಐನೂರು ದಾಟಲಿಲ್ಲ. ಆಟೋ ಖರ್ಚು ಬಿಟ್ಟು, ಅದರ ಮಾತು ಬೇಡ.

ಕಟ್ಟುವ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಪಕ್ಕದ ಎರಡು ಹಲಗೆಗಳು 15 ಸೆಂ.ಮೀ. ಎತ್ತರ, ಮೇಲೆ 23 ಉದ್ದ, ಕೆಳಗೆ 40. ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಹಾಕಿ ಜಿಗ್‌ಸಾದಲ್ಲಿ ಕತ್ತರಿಸಿದರೆ ಅಳತೆ ತಪ್ಪುವುದಿಲ್ಲ. ಮುಂಭಾಗಕ್ಕೆ ಪೂರ್ತಿ ಮುಚ್ಚುವ ಒಂದು ಹಲಗೆ, ಹಿಂಭಾಗಕ್ಕೆ ಮೇಲ್ಗಡೆ ಮಾತ್ರ 5 ಸೆಂ.ಮೀ. ಪಟ್ಟಿ. ಮೇಲೆ ಮುಚ್ಚಳದ ಹಲಗೆ. ಫೆವಿಕಾಲ್ ಹಚ್ಚಿ, ಮೊದಲೇ ತೂತು ಕೊರೆದು, ಸ್ಕ್ರೂ ತಲೆ ಒಳಗೆ ಮುಳುಗುವಂತೆ ಬಿಗಿದೆ. ಕೆಳಗೆ ಮುಂದೆ 46 ಸೆಂ.ಮೀ. ಉದ್ದದ ಸಿಲ್ವರ್ ಓಕ್ ಅಡ್ಡಪಟ್ಟಿ, ಹಿಂದೆ 24ರದ್ದು. ಎರಡೂ ಪಟ್ಟಿಯ ತುದಿಗೆ ರಬ್ಬರ್. ಮುಂದಿನ ಪಟ್ಟಿಯ ಮೂಲೆಗಳನ್ನು ಚೆನ್ನಾಗಿ ದುಂಡಗೆ ಮಾಡಿದೆ. ಬರಿಗಾಲಲ್ಲಿ ಓಡಾಡುವ ಮನೆ, ಕಿರುಬೆರಳಿಗೆ ತಾಗಿದರೆ ಮುಗಿಯಿತು.

ಎತ್ತರ ಬದಲಿಸುವ ವಿಷಯದಲ್ಲಿ ಸ್ವಲ್ಪ ಹೊತ್ತು ಕೂತೆ. ಸಾಮಾನ್ಯವಾಗಿ ಕಾಲಿಗೆ ಸಾಲು ತೂತು ಕೊರೆದು, ಬೇಕಾದ ತೂತಿಗೆ ಬೋಲ್ಟ್ ಹಾಕುವ ಪದ್ಧತಿ. ಅದರಲ್ಲಿ ಒಂದರೊಳಗೆ ಒಂದು ಜಾರುವ ಎರಡು ಭಾಗ ಬೇಕು, ನಡುವೆ ಕೂದಲೆಳೆಯಷ್ಟಾದರೂ ಸಂದು ಬೇಕು. ಆ ಸಂದೇ ಅಲುಗಾಟ, ಆ ಸಂದೇ ಗರಗರ ಸದ್ದು. ಅದರ ಬದಲು ಹಲಗೆ ಪೇರಿಸುವ ದಾರಿ ಹಿಡಿದೆ. ಮುಚ್ಚಳದ ಹಲಗೆಯ ಮೇಲೆ ಹಾರ್ಪ್ ತಟ್ಟೆ ಬೇರೆಯಾಗಿ ಕೂರುತ್ತದೆ. ನಡುವೆ ಎಷ್ಟು ಬೇಕೋ ಅಷ್ಟು 18 ಮಿ.ಮೀ. ಹಲಗೆ. ಪ್ರತಿ ಹಲಗೆಗೆ ತೆಳು ಫೆಲ್ಟ್ ಅಂಟಿಸಿದರೆ ಸರಿಯಾಗಿ 2 ಸೆಂ.ಮೀ. ಎಲ್ಲವನ್ನೂ ಕೆಳಗಿನಿಂದ ನಾಲ್ಕು ಎಂ8 (8 ಮಿ.ಮೀ. ದಪ್ಪದ) ಬೋಲ್ಟ್ ಹಿಡಿದುಕೊಳ್ಳುತ್ತವೆ. ತಟ್ಟೆಯ ತಳದಲ್ಲಿ ಇನ್ಸರ್ಟ್ ನಟ್ ಕೂರಿಸಿದ್ದೇನೆ. ನಡುವೆ ಹಲಗೆ ಇಲ್ಲದಿದ್ದರೆ 30 ಮಿ.ಮೀ. ಬೋಲ್ಟ್, ಒಂದಿದ್ದರೆ 50, ಎರಡಿದ್ದರೆ 70. ಮೂರೂ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಉದ್ದ. ಹಲಗೆ ಇಲ್ಲದೆ ಒಟ್ಟು ಎತ್ತರ 23, ಒಂದಕ್ಕೆ 25, ಎರಡಕ್ಕೆ 27. ಬೋಲ್ಟ್ ಬಿಗಿದ ಮೇಲೆ ಎಲ್ಲ ಸೇರಿ ಒಂದೇ ದಿಮ್ಮಿ ಆಗಿಬಿಡುತ್ತದೆ, ತಟ್ಟಿದರೆ ಮಂದವಾಗಿ ಟಪ್ ಅನ್ನುತ್ತದೆ. ಬೇಕಾಗಿದ್ದುದು ಆ ಟಪ್.

ಇನ್ನು ತಟ್ಟೆ. ಇಡೀ ಸ್ಟ್ಯಾಂಡಿನಲ್ಲಿ ಬುದ್ಧಿ ಖರ್ಚಾದದ್ದು ಇಲ್ಲೇ. ಹಾರ್ಪ್ ವಾಲಿದಾಗ ಬುಡದ ಮುಂಭಾಗ ಮೇಲೇಳುತ್ತದೆ, ಹಿಂದಿನ ಅಂಚೊಂದೇ ತಟ್ಟೆಗೆ ತಾಗಿರುತ್ತದೆ. ಆ ಅಂಚು ಜಾರಲು ನೋಡುತ್ತದೆ. ಅದಕ್ಕೆ ಹಿಂದೆ ಒಂದು ತಡೆಪಟ್ಟಿ ಬೇಕು. ತಡೆಪಟ್ಟಿ ನೆಟ್ಟಗಿದ್ದರೆ, ವಾಲಿದ ಬುಡದ ಹಿಂಬದಿ ಅದರ ಮೇಲ್ತುದಿಗೆ ಮಾತ್ರ ಒತ್ತಿ ಅಲ್ಲಿ ಗಾಯವಾಗುತ್ತದೆ. ತಡೆಪಟ್ಟಿ ಎತ್ತರವಾದರೆ ಇನ್ನೂ ಕಷ್ಟ. ಓರೆಯಾಗಿ ಏರುವ ಪೆಟ್ಟಿಗೆಯ ಬೆನ್ನು ಅದಕ್ಕೆ ತಾಗಿ, ಬುಡವೇ ತಟ್ಟೆಯಿಂದ ಮೇಲೇಳುತ್ತದೆ. ಅದಕ್ಕೆ ಪಟ್ಟಿಯನ್ನು 12 ಮಿ.ಮೀ.ಗೆ ನಿಲ್ಲಿಸಿದೆ. ಒಳಮುಖವನ್ನು 20 ಡಿಗ್ರಿ ಓರೆಗೆ ಉಜ್ಜಿದೆ, ಹಾರ್ಪ್ ವಾಲುವ 18 ಡಿಗ್ರಿಗಿಂತ ಒಂದು ಚೂರು ಜಾಸ್ತಿ. ಈಗ ಹಾರ್ಪ್ ವಾಲಿದಾಗ ಬುಡದ ಹಿಂಬದಿ ಪಟ್ಟಿಯ ಓರೆಗೆ ಪೂರ್ತಿ ಮೈ ಚೆಲ್ಲಿ ಒರಗುತ್ತದೆ. ನೆಟ್ಟಗೆ ಮಾಡಿದರೆ ತಟ್ಟೆಯ ಮೇಲೆ ಸಮವಾಗಿ ಕೂರುತ್ತದೆ. ಮುಂದೆ ಮತ್ತು ಪಕ್ಕಗಳಲ್ಲಿ 6 ಮಿ.ಮೀ. ಬೀಡಿಂಗ್ (ತೆಳು ಮರದ ಪಟ್ಟಿ) ಸಾಕಾಯಿತು. ಕೆಲವು ಹಾರ್ಪ್‌ಗಳಿಗೆ ತಳದಲ್ಲೂ ಸದ್ದು ಹೊರಬರುವ ತೂತು ಇರುತ್ತದೆ. ಅಂಥದ್ದಾದರೆ ತಟ್ಟೆಯಲ್ಲೂ ಅಷ್ಟು ಜಾಗ ಕೊರೆಯಿರಿ. ನಮ್ಮದಕ್ಕೆ ತೂತುಗಳು ಬೆನ್ನಿಗೆ ಇವೆ, ತಂತಿ ಬದಲಿಸಲು ಕೈ ಹಾಕುವುದೂ ಅಲ್ಲಿಂದಲೇ. ಸ್ಟ್ಯಾಂಡ್ ಅದಕ್ಕೆ ಅಡ್ಡ ಬರುವುದಿಲ್ಲ.

ಹಾರ್ಪ್‌ಗೆ ತಾಗುವ ಕಡೆ ರಬ್ಬರ್ ಹಾಕಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಗಿಟಾರ್ ಇಟ್ಟುಕೊಂಡವರಿಗೆ ಗೊತ್ತಿರುತ್ತದೆ. ಕೆಲವು ರಬ್ಬರ್ ಮತ್ತು ಪಿವಿಸಿಯಲ್ಲಿರುವ ರಾಸಾಯನಿಕ ನೈಟ್ರೋಸೆಲ್ಯುಲೋಸ್ ಪಾಲಿಶ್ ಜೊತೆ ಸೇರಿ ಅದನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ತಾಗಿಕೊಂಡಿದ್ದರೆ ಕಲೆ ಉಳಿಯುತ್ತದೆ. ನಮ್ಮ ಹಾರ್ಪ್‌ಗೆ ಯಾವ ಪಾಲಿಶ್ ಅಂತ ಯಾರಿಗೆ ಗೊತ್ತು, ಆ ಪ್ರಯೋಗ ನನಗೆ ಬೇಡ. ಉಣ್ಣೆಯ ಫೆಲ್ಟ್ ಹಾಕಿದೆ, ಹಾರ್ಮೋನಿಯಂ ರಿಪೇರಿ ಮಾಡುವವರು ಬಳಸುವಂಥದ್ದು. ರಬ್ಬರ್ ಏನಿದ್ದರೂ ನೆಲದ ಕಡೆಗೆ. ಫೆಲ್ಟ್ ಅಂಟಿಸುವ ಮುಂಚೆ ಸ್ಟ್ಯಾಂಡಿನ ಪಾಲಿಶ್ ಪೂರ್ತಿ ಒಣಗಿರಬೇಕು. ನಾನು ಮಳೆಗಾಲದಲ್ಲಿ ಕೈ ಹಾಕಿದ್ದರಿಂದ ಪಿಯು (ಪಾಲಿಯುರೆಥೇನ್) ಪಾಲಿಶ್ ಒಣಗಲು ಕಾಯಿಸಿತು. ಬಾಲ್ಕನಿಯಲ್ಲಿ ಇಡೋಣ ಅಂದರೆ ಎರಚಲು, ಕೋಣೆಯಲ್ಲಿ ಇಟ್ಟರೆ ಅಕ್ಕನಿಗೆ ವಾಸನೆ.

ಹಾರ್ಪ್ ಏರಿಸುವ ಮುಂಚೆ ಬದಲಿ ತೂಕ ಇಟ್ಟು ನೋಡಿದೆ. ಒಂದು ಮೀಟರ್ ಉದ್ದದ ಹಲಗೆಗೆ ಹಾರ್ಪ್‌ನ ಬುಡದ ಅಳತೆಯ ತುಂಡು ಹೊಡೆದು, ಅರ್ಧ ಎತ್ತರಕ್ಕೆ ಐದು ಕಿಲೋ ಗೋಧಿ ಹಿಟ್ಟಿನ ಪ್ಯಾಕೆಟ್ ಕಟ್ಟಿ, ತಟ್ಟೆಯ ಮೇಲೆ ನಿಲ್ಲಿಸಿದೆ. ಹಿಂದಕ್ಕೆ ವಾಲಿಸಿ, ಪಕ್ಕದಿಂದ ತಳ್ಳಿ, ಕಾಲಲ್ಲಿ ಸ್ಟ್ಯಾಂಡಿನ ಮೂಲೆ ಒದ್ದು ನೋಡಿದೆ. 18 ಡಿಗ್ರಿಯಲ್ಲಿ ಸ್ಟ್ಯಾಂಡ್ ಕಮಕ್ ಕಿಮಕ್ ಅನ್ನಲಿಲ್ಲ. ಮೂವತ್ತರ ಹತ್ತಿರ ಮುಂದಿನ ಪಟ್ಟಿ ನೆಲ ಬಿಡಲು ಶುರುಮಾಡಿತು. ಅಷ್ಟು ವಾಲಿದರೆ ಹಾರ್ಪ್ ಆಗಲೇ ಮಡಿಲಲ್ಲಿ ಬಿದ್ದಿರುತ್ತದೆ, ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಆಮೇಲೆ ನಿಜವಾದ ಹಾರ್ಪ್. ಅತಿ ಕೆಳಗಿನ ಸ್ವರದ ತಂತಿಯಿಂದ ಶುರುಮಾಡಿ ಒಂದೊಂದೇ ಗಟ್ಟಿಯಾಗಿ ಮೀಟುತ್ತ ಹೋಗಬೇಕು. ಪಾಶ್ಚಾತ್ಯ ಸ್ವರಗಳ ಲೆಕ್ಕದಲ್ಲಿ ಕೆಂಪು ತಂತಿ ಸಿ, ಕಪ್ಪು ತಂತಿ ಎಫ್, ಆದ್ದರಿಂದ ಎಲ್ಲಿದ್ದೇವೆ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ. ಎಲ್ಲೋ ಸಡಿಲವಾದ ಒಂದು ವಸ್ತು ಯಾವುದೋ ಒಂದೇ ಸ್ವರಕ್ಕೆ ನಡುಗುತ್ತದೆ, ಉಳಿದ ಇಪ್ಪತ್ತೈದಕ್ಕೆ ಸುಮ್ಮನಿರುತ್ತದೆ. ನಮಗೆ ಕೆಳಗಿನ ಒಂದು ಜಿ ತಂತಿಗೆ ಝುಂಯ್ ಅಂತ ಕೇಳಿಸಿತು. ಬೋಲ್ಟ್ ಮತ್ತೆ ಬಿಗಿದೆ, ಹೋಗಲಿಲ್ಲ. ಸ್ಟ್ಯಾಂಡಿಗೆ ಕಿವಿ ಇಟ್ಟರೆ ಅಲ್ಲಿಂದ ಬರುತ್ತಿರಲಿಲ್ಲ. ಕೊನೆಗೆ ನೋಡಿದರೆ ಶೋಕೇಸಿನ ಗಾಜಿಗೆ ತಾಗಿಕೊಂಡಿದ್ದ ಸ್ಟೀಲ್ ಲೋಟ. ಈಗ ಅಭ್ಯಾಸ ಶುರುವಾಗುವ ಮುಂಚೆ ಆ ಲೋಟ ಅಡುಗೆಮನೆಗೆ ಹೋಗುತ್ತದೆ.

ಲಿವರ್‌ಗಳ ವಿಷಯ ಹೇಳುತ್ತೇನೆ ಅಂದಿದ್ದೆ. ಹಾರ್ಪ್‌ನ ಕತ್ತಿನ ಮೇಲೆ ಎಡಗೈಯಿಂದ ಲಿವರ್ ತಳ್ಳುವಾಗ ಇಡೀ ವಾದ್ಯಕ್ಕೆ ಪಕ್ಕದಿಂದ ಒಂದು ಧಕ್ಕೆ ಬೀಳುತ್ತದೆ, ಅದೂ ಅತಿ ಎತ್ತರದ ಜಾಗದಲ್ಲಿ. ಸ್ಟ್ಯಾಂಡ್ ಪಕ್ಕಕ್ಕೆ ಗಟ್ಟಿ ಇಲ್ಲದಿದ್ದರೆ ಒಂದೊಂದು ಲಿವರಿಗೂ ಹಾರ್ಪ್ ತೂಗುತ್ತದೆ. ನಮ್ಮ ಹುಡುಗಿ ಲಿವರ್ ಜಾಸ್ತಿ ಮುಟ್ಟುವವಳು. ಅವಳ ಹಾರ್ಪ್‌ಅನ್ನು ಇ ಫ್ಲ್ಯಾಟ್‌ಗೆ ಶ್ರುತಿ ಮಾಡಿದ್ದಾರೆ, ಲಿವರ್ ಹಾರ್ಪ್‌ಗೆ ಅದು ರೂಢಿ. ಅಂದರೆ ಲಿವರ್ ಎಲ್ಲ ಕೆಳಗಿರುವಾಗ ಇ, ಎ, ಬಿ ತಂತಿಗಳು ಅರ್ಧ ಮೆಟ್ಟಿಲು ಕೆಳಗೆ (ಫ್ಲ್ಯಾಟ್) ಇರುತ್ತವೆ; ಅರ್ಧ ಮೆಟ್ಟಿಲು ಮೇಲಿದ್ದರೆ ಅದು ಶಾರ್ಪ್. ಪಾಠ ಪಾಶ್ಚಾತ್ಯ ಸಂಗೀತದ್ದು. ಆದರೆ ಮನೆಯಲ್ಲಿ ಅಜ್ಜಿಯ ಒತ್ತಾಯಕ್ಕೆ ಸರಳೆ ವರಸೆಯೂ, ಅಂದರೆ ಕರ್ನಾಟಕ ಸಂಗೀತದ ಮೊದಲ ಪಾಠವೂ ನಡೆಯುತ್ತದೆ. ಅದರ ರಾಗ ಮಾಯಾಮಾಳವಗೌಳ. ಸಿಯನ್ನು ಷಡ್ಜ ಮಾಡಿಕೊಂಡರೆ ಮಾಯಾಮಾಳವಗೌಳ ಬರುವುದಿಲ್ಲ. ಅದಕ್ಕೆ ಬೇಕಾದ ಶುದ್ಧ ರಿಷಭಕ್ಕೆ ಡಿ ತಂತಿ ಅರ್ಧ ಮೆಟ್ಟಿಲು ಇಳಿಯಬೇಕು, ಲಿವರಿಗೆ ಏರಿಸುವುದು ಮಾತ್ರ ಗೊತ್ತು. ಡಿಯನ್ನೇ ಷಡ್ಜ ಮಾಡಿಕೊಂಡರೆ ಎಲ್ಲ ಒದಗಿ ಬರುತ್ತದೆ. ಎಫ್, ಎ, ಸಿ ತಂತಿಗಳ ಲಿವರ್ ಮೇಲಕ್ಕೆ, ಉಳಿದವು ಕೆಳಗೆ. ಡಿ, ಇ ಫ್ಲ್ಯಾಟ್, ಎಫ್ ಶಾರ್ಪ್, ಜಿ, ಎ, ಬಿ ಫ್ಲ್ಯಾಟ್, ಸಿ ಶಾರ್ಪ್. ಸರಿಯಾಗಿ ಮಾಯಾಮಾಳವಗೌಳದ ಏಳು ಸ್ವರ. ಗಮಕ ಇಲ್ಲದ ಮಾಯಾಮಾಳವಗೌಳ ಅಂತ ಅಜ್ಜಿ ಮೂಗು ಮುರಿಯುತ್ತಾರೆ, ಅದು ಬೇರೆ ಮಾತು. ಪಾಠದಿಂದ ಸರಳೆಗೆ, ಸರಳೆಯಿಂದ ಪಾಠಕ್ಕೆ ಹೋಗುವಾಗಲೆಲ್ಲ ಲಿವರ್‌ಗಳು ಟಕಟಕ ಮೇಲೆ ಕೆಳಗೆ ಆಗುತ್ತವೆ. ಮುಂದಿನ ಪಟ್ಟಿಯ 46 ಸೆಂ.ಮೀ. ಅಗಲ ಬೆಲೆ ತೋರಿಸುವುದು ಆಗಲೇ. ಹಾರ್ಪ್ ಅಲುಗುವುದಿಲ್ಲ.

ನೆಲದ ಏರುಪೇರಿಗೆ ಒಂದು ಸಣ್ಣ ಉಪಾಯ. ಟೈಲ್ಸ್ ಸಮ ಅಂತ ನಾವು ಅಂದುಕೊಂಡಿರುತ್ತೇವೆ, ನಾಲ್ಕು ಕಾಲಿನ ಸ್ಟ್ಯಾಂಡ್ ಇಟ್ಟಾಗ ಬಣ್ಣ ಬಯಲಾಗುತ್ತದೆ. ಹಿಂದಿನ ಬಲಗಾಲಿನ ರಬ್ಬರನ್ನು ಬೋಲ್ಟ್ ತುದಿಗೆ ಕೂರಿಸಿ, ತಿರುಗಿಸಿದರೆ ಏರಿಳಿಯುವಂತೆ ಮಾಡಿದೆ. ಒಂದು ಕಾಲಿಗೆ ಇದ್ದರೆ ಸಾಕು. ನಾಲ್ಕಕ್ಕೂ ಹಾಕಿದರೆ ಪ್ರತಿ ಸಲ ನಾಲ್ಕನ್ನೂ ತಿರುಗಿಸುತ್ತ ಕೂರಬೇಕಾಗುತ್ತದೆ.

ನುಡಿಸದೇ ಇರುವಾಗ ಹಾರ್ಪ್‌ಅನ್ನು ಸ್ಟ್ಯಾಂಡ್ ಮೇಲೆ ಬಿಡುವುದಿಲ್ಲ ಅನ್ನುವುದು ಮನೆಯ ಕಟ್ಟಳೆ. ನೆಟ್ಟಗೆ ನಿಲ್ಲಿಸಿದರೆ ನಿಲ್ಲುತ್ತದೆ, ಗಟ್ಟಿಯಾಗೇ ನಿಲ್ಲುತ್ತದೆ. ಆದರೆ ನೆಲ ಒರೆಸುವ ಕೋಲು, ಪಕ್ಕದ ಮನೆಯ ಮಕ್ಕಳು, ಕಿಟಕಿ ಪರದೆ, ಇವಕ್ಕೆಲ್ಲ ಡಿಗ್ರಿ ಲೆಕ್ಕ ಗೊತ್ತಿಲ್ಲ. ಪಾಠದ ನಡುವೆ ನೀರು ಕುಡಿಯಲು ಎದ್ದರೆ ಮಾತ್ರ ಇರಲಿ ಅಂತ, ಚೀಲ ಹೊಲಿಯುವ ಅಂಗಡಿಯಿಂದ ಒಂದಿಂಚು ಅಗಲದ ಹತ್ತಿ ಪಟ್ಟಿ ತಂದು, ಕಂಬದ ಬುಡ ಸುತ್ತಿ ತಟ್ಟೆಗೆ ಬಿಗಿಯುವ ಬಕಲ್ ಹಾಕಿದ್ದೇನೆ. ಬಕಲ್ ಪ್ಲಾಸ್ಟಿಕ್ಕಿನದು. ಲೋಹದ್ದಾದರೆ ಅದೂ ಒಂದು ತಂತಿಗೆ ಝುಂಯ್ ಅನ್ನುತ್ತದೆ.

ಸ್ಟ್ಯಾಂಡಿನ ತೂಕ ನಾಲ್ಕು ಕಿಲೋ ಹತ್ತಿರ ಬಂತು. ಮನೆಯಲ್ಲಿ ಇಡಲು ಒಳ್ಳೆಯ ತೂಕ, ಹೊತ್ತು ತಿರುಗಲು ಅಲ್ಲ. ಮುಂದಿನ ಹಲಗೆಯಲ್ಲಿ ಕೈ ಹಾಕುವಷ್ಟು ಉದ್ದನೆಯ ತೂತು ಕೊರೆದಿದ್ದೇನೆ, ಆಟೋಗೆ ಏರಿಸಿ ಇಳಿಸುವಷ್ಟಕ್ಕೆ ಸಾಕು. 46 ಸೆಂ.ಮೀ. ಪಟ್ಟಿಯನ್ನು ಸ್ಕ್ರೂ ಬದಲು ಎರಡು ಬೋಲ್ಟಿಗೆ ಬದಲಿಸಿದರೆ ಅದು ಬಿಚ್ಚಿಕೊಂಡು ಹಾರ್ಪ್‌ನ ಚೀಲದ ಹೊರಜೇಬಿಗೆ ಹೋಗುತ್ತದೆ. ಆ ಕೆಲಸ ಇನ್ನೂ ಬಾಕಿ ಇದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಮುಂಚೆ ಮಾಡಿಕೊಡಬೇಕಂತೆ.